ಬೈಬಲ್‌ನಲ್ಲಿ ತಪ್ಪಿಲ್ಲ ಎಂದರೆ ಏನರ್ಥ? ಕಥೋಲಿಕರೂ ಪ್ರೊಟೆಸ್ಟೆಂಟರೂ ನಿಜವಾಗಿ ಎಲ್ಲಿ ಬೇರೆಯಾಗುತ್ತಾರೆ?

ಕರಾವಳಿ ಉಪದೇಶಿ

ಎಲ್ಲರಿಗೂ ವಂದನೆಗಳು. ನಮ್ಮ ಮನೆಯಲ್ಲಿ ಬಹಳ ದಿನಗಳಿಂದ ನಡೆಯುತ್ತಿರುವ ಒಂದು ವಾದವನ್ನು ನಿಮ್ಮ ಮುಂದಿಡುತ್ತಿದ್ದೇನೆ. ನಾನು ಕಥೋಲಿಕಳು, ಧರ್ಮಕೇಂದ್ರದಲ್ಲಿ ಮಕ್ಕಳಿಗೆ ಧರ್ಮೋಪದೇಶ ಕಲಿಸುತ್ತೇನೆ. ನನ್ನ ಅಕ್ಕನ ಗಂಡ ಬೆಂಗಳೂರಿನ ಒಂದು ಸ್ವತಂತ್ರ ಸಭೆಯಲ್ಲಿ ಹಿರಿಯರು. ಭಾವನವರ ಆರೋಪ ಇಷ್ಟು: 1965ರ ನವೆಂಬರ್ 18ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಹೊರಡಿಸಿದ 'ದೇಯಿ ವೆರ್ಬುಮ್' (ದೇವರ ವಾಕ್ಯ) ಎಂಬ ಅಧಿಕೃತ ಬೋಧನಾ ದಾಖಲೆಯ 11ನೆಯ ಪರಿಚ್ಛೇದವು, ದೇವರು ನಮ್ಮ ರಕ್ಷಣೆಗಾಗಿ ಬರೆಸಲಿಚ್ಛಿಸಿದ ಸತ್ಯವನ್ನು ಪವಿತ್ರ ಗ್ರಂಥವು ತಪ್ಪಿಲ್ಲದೆ ಬೋಧಿಸುತ್ತದೆ ಎನ್ನುತ್ತದೆ; ಆ 'ರಕ್ಷಣೆಗಾಗಿ' ಎಂಬ ಮಾತನ್ನು ಸೇರಿಸಿದಾಗಲೇ ಇತಿಹಾಸ, ಭೂಗೋಳಗಳ ವಿಷಯದಲ್ಲಿ ಬೈಬಲ್ ತಪ್ಪಬಹುದು ಎಂದು ನಿಮ್ಮ ಧರ್ಮಸಭೆ ಒಪ್ಪಿಕೊಂಡಿತು. ಅದಕ್ಕೆ ಎದುರಾಗಿ ಅವರು, ಬೈಬಲ್ ದೋಷರಹಿತವೆಂದು ಇವಾಂಜೆಲಿಕಲ್ ಪ್ರೊಟೆಸ್ಟೆಂಟ್ ನಾಯಕರು 1978ರಲ್ಲಿ ಹೊರಡಿಸಿದ ಷಿಕಾಗೊ ಹೇಳಿಕೆಯನ್ನು ತೋರಿಸುತ್ತಾರೆ. ದೋಷರಹಿತತೆ ಆತ್ಮಿಕ ವಿಷಯಗಳಿಗೆ ಮಾತ್ರ ಸೀಮಿತ, ಇತಿಹಾಸ ವಿಜ್ಞಾನಗಳಿಗೆ ಅನ್ವಯಿಸದು ಎಂಬ ಅಭಿಪ್ರಾಯವನ್ನು ಅದರ 12ನೆಯ ವಿಧಿ ನೇರವಾಗಿ ತಳ್ಳಿಹಾಕುತ್ತದೆ.

ನಾನು ಮಾರ್ಕನ ಶುಭಸಂದೇಶದ 2:26ನ್ನು ಅವರ ಮುಂದಿಟ್ಟೆ. ದಾವೀದನು ನೈವೇದ್ಯದ ರೊಟ್ಟಿಯನ್ನು ತಿಂದದ್ದು ಎಬ್ಯಾತಾರನು ಪ್ರಧಾನಯಾಜಕನಾಗಿದ್ದಾಗ ಎಂದು ಯೇಸುಸ್ವಾಮಿ ಹೇಳಿದಂತೆ ಅಲ್ಲಿದೆ. 1 ಸಮುವೇಲ 21ನ್ನು ತೆರೆದರೆ ರೊಟ್ಟಿ ಕೊಟ್ಟವನು ಎಬ್ಯಾತಾರನ ತಂದೆ ಅಹೀಮೆಲೆಕ.

ನನ್ನ ಪ್ರಶ್ನೆಗಳು ಎರಡು. ನಮ್ಮ ಧರ್ಮಸಭೆ ದೋಷರಹಿತತೆಯನ್ನು ರಕ್ಷಣೆಯ ವಿಷಯಗಳಿಗೆ ಮಾತ್ರ ಮಿತಿಗೊಳಿಸಿದ್ದು ನಿಜವೇ? ಪ್ರತಿ ವಿವರವೂ ನಿರ್ದೋಷ ಎನ್ನುವ ಪ್ರೊಟೆಸ್ಟೆಂಟ್ ಬಂಧುಗಳು ಈ ಎಬ್ಯಾತಾರನ ಹೆಸರನ್ನು ಹೇಗೆ ಅರ್ಥಮಾಡಿಕೊಳ್ಳುತ್ತಾರೆ? ಯಾರ ಸಭೆಯನ್ನೂ ಹೀಗಳೆಯಲು ಕೇಳುತ್ತಿಲ್ಲ. ತಿಳಿದವರು ಸಾವಧಾನವಾಗಿ ಉತ್ತರಿಸಬೇಕು.

ವಾಕ್ಯಪ್ರಿಯ

ನಾನು ನಿಮ್ಮ ಭಾವನವರ ಪಕ್ಷದವನು, ಆದ್ದರಿಂದ ಎರಡನೆಯ ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ. ಎಬ್ಯಾತಾರನ ವಚನ ನಮಗೆ ಹೊಸದಲ್ಲ. ಮಾರ್ಕನ ಗ್ರೀಕ್ ಮೂಲವನ್ನು 'ಎಬ್ಯಾತಾರನ ಕುರಿತಾದ ಭಾಗದಲ್ಲಿ' ಎಂದೂ ಓದಲು ಅವಕಾಶವಿದೆ. ಅದೇ ಸುವಾರ್ತೆಯ 12:26ರಲ್ಲಿ ಉರಿಯುವ ಪೊದೆಯ ಪ್ರಸಂಗವನ್ನು ಸೂಚಿಸುವಾಗಲೂ ಇಂಥದೇ ಪ್ರಯೋಗವಿದೆ. ಇನ್ನು, ಮುಂದೆ ಮಹಾಯಾಜಕನಾಗಿ ಹೆಸರಾದವನನ್ನು ಆ ಪದವಿಯಿಂದಲೇ ಕರೆದು ಅವನ ಕಾಲವನ್ನು ಗುರುತಿಸುವುದು ತಪ್ಪೇನಲ್ಲ. 'ಪ್ರಧಾನಿ ನೆಹರೂ ಅಲಹಾಬಾದಿನಲ್ಲಿ ಹುಟ್ಟಿದರು' ಎಂದರೆ ಯಾರೂ ಅದನ್ನು ಸುಳ್ಳೆನ್ನುವುದಿಲ್ಲ. ಬೆಝಾ ಎಂಬ ಪ್ರಾಚೀನ ಹಸ್ತಪ್ರತಿಯಲ್ಲಿ ಈ ಹೆಸರೇ ಇಲ್ಲ ಎಂಬುದನ್ನೂ ಗಮನಿಸಬೇಕು.

ಷಿಕಾಗೊ ಹೇಳಿಕೆಯನ್ನು ಟೀಕಿಸುವವರು ಅದರ 12ನೆಯ ವಿಧಿಗೇ ನಿಂತುಬಿಡುತ್ತಾರೆ. ದಯವಿಟ್ಟು 13ನೆಯದನ್ನೂ ಓದಿ. ಆಧುನಿಕ ಮಟ್ಟದ ನಿಖರತೆ ಇಲ್ಲದಿರುವುದು, ವ್ಯಾಕರಣದ ಏರುಪೇರು, ಕಣ್ಣಿಗೆ ಕಂಡಂತೆ ಪ್ರಕೃತಿಯನ್ನು ವರ್ಣಿಸುವುದು, ಅತಿಶಯೋಕ್ತಿ, ಪೂರ್ಣಾಂಕಗಳು, ಸಮಾನಾಂತರ ವೃತ್ತಾಂತಗಳಲ್ಲಿ ವಿವರಗಳ ಆಯ್ಕೆ ಬೇರೆಬೇರೆಯಾಗಿರುವುದು, ಇವು ಯಾವುವೂ ದೋಷಗಳಲ್ಲ ಎಂದು ಅಲ್ಲಿ ಸ್ಪಷ್ಟವಾಗಿದೆ. ನಾವು ಕಣ್ಣುಮುಚ್ಚಿ ಅಕ್ಷರಕ್ಕೆ ಜೋತುಬಿದ್ದವರು ಎಂಬ ಚಿತ್ರಣ ಸರಿಯಲ್ಲ.

ಧಾರವಾಡದ ಸಿ.ಎಸ್.ಐ. ಸದಸ್ಯ

ಎಲ್ಲ ಪ್ರೊಟೆಸ್ಟೆಂಟರನ್ನೂ ಷಿಕಾಗೊ ಹೇಳಿಕೆಯ ಕೆಳಗೆ ತಂದು ನಿಲ್ಲಿಸಬೇಡಿ ಎಂದು ಮೊದಲೇ ಕೇಳಿಕೊಳ್ಳುತ್ತೇನೆ.

ಬೊಂದೇಲ್ ಓದುಗ

ವಾಕ್ಯಪ್ರಿಯ ಅವರೇ, ಬೆಝಾ ಹಸ್ತಪ್ರತಿಯ ಸಾಕ್ಷ್ಯ ನಿಮಗೆ ನೆರವಾಗುವುದಿಲ್ಲ. ಕಷ್ಟದ ಹೆಸರನ್ನು ನಕಲುಗಾರನು ಬಿಟ್ಟಿರುವುದು ಸಂಭವನೀಯ. ಇಲ್ಲದ ಕಷ್ಟವನ್ನು ತಾನಾಗಿ ಒಳಗೆ ತುರುಕುವುದು ಅಷ್ಟು ಸಂಭವನೀಯವಲ್ಲ. ಮತ್ತಾಯ 12ರಲ್ಲೂ ಲೂಕ 6ರಲ್ಲೂ ಇದೇ ಪ್ರಸಂಗ ಬರುತ್ತದೆ, ಎರಡರಲ್ಲೂ ಎಬ್ಯಾತಾರನಿಲ್ಲ. ಮಾರ್ಕನನ್ನು ಮುಂದಿಟ್ಟುಕೊಂಡು ಬರೆದ ಆ ಇಬ್ಬರಿಗೂ ಅಲ್ಲಿ ಏನೋ ತೊಡಕು ಕಂಡಿರಬೇಕು ಎಂಬುದು ನನ್ನ ಅನಿಸಿಕೆ.

ಗುರುಮಠದ ಹಳೆಯ ವಿದ್ಯಾರ್ಥಿ

ಮೊದಲ ಪ್ರಶ್ನೆಗೆ ಸ್ವಲ್ಪ ವಿಸ್ತಾರವಾಗಿಯೇ ಉತ್ತರಿಸಬೇಕಾಗಿದೆ, ಏಕೆಂದರೆ ಇದರಲ್ಲಿ ನಮ್ಮ ಕಥೋಲಿಕರೇ ಹೆಚ್ಚು ಗೊಂದಲ ಮಾಡಿಕೊಂಡಿದ್ದಾರೆ.

ಎಬ್ಯಾತಾರನ ವಚನ ಮಹಾಸಭೆಯ ಒಳಗೇ ಚರ್ಚೆಗೆ ಬಂದಿತ್ತು. 1964ರ ಅಕ್ಟೋಬರ್ 2ರಂದು ವಿಯೆನ್ನಾದ ಕಾರ್ಡಿನಲ್ ಫ್ರಾಂಜ್ ಕೋನಿಗ್ ಎದ್ದು ನಿಂತು, ಪವಿತ್ರ ಗ್ರಂಥದ ಇತಿಹಾಸದ ವಿವರಗಳು ಕೆಲವೆಡೆ ವಾಸ್ತವದೊಂದಿಗೆ ಹೊಂದುವುದಿಲ್ಲ ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಅವರು ಕೊಟ್ಟ ಉದಾಹರಣೆಗಳಲ್ಲಿ ಒಂದು ಮಾರ್ಕ 2:26. ಇನ್ನೊಂದು ಮತ್ತಾಯ 27:9. ಮೂವತ್ತು ಬೆಳ್ಳಿ ನಾಣ್ಯಗಳ ಪ್ರವಾದನೆಯನ್ನು ಅಲ್ಲಿ ಯೆರೆಮೀಯನದೆಂದು ಹೇಳಿದ್ದರೂ ಮಾತು ಮುಖ್ಯವಾಗಿ ಜೆಕರ್ಯ 11ರಿಂದ ಬಂದಿದೆ. ಮತ್ತೊಂದು ದಾನಿಯೇಲ 1:1ರಲ್ಲಿ ಜೆರುಸಲೇಮಿನ ಮುತ್ತಿಗೆಗೆ ಕೊಟ್ಟಿರುವ ವರ್ಷ. ಧರ್ಮಸಭೆಯ ಒಬ್ಬ ಕಾರ್ಡಿನಲ್ ಇದನ್ನು ಮಹಾಸಭೆಯ ಎದುರು ಹೇಳಿದರೆಂಬುದನ್ನು ನಾವು ಮರೆಮಾಚಬೇಕಾಗಿಲ್ಲ.

ಆದರೆ ಆ ಭಾಷಣವೇ ಮಹಾಸಭೆಯ ಬೋಧನೆಯಲ್ಲ. ಆಗಿನ ಕರಡಿನಲ್ಲಿ 'ರಕ್ಷಣೆಯ ಸತ್ಯ' ಎಂಬ ಪ್ರಯೋಗವಿತ್ತು. ಅದರಿಂದ ಸತ್ಯವನ್ನೇ ಎರಡು ಭಾಗ ಮಾಡಿದಂತಾಗುತ್ತದೆ, ಒಂದು ಭಾಗಕ್ಕೆ ಮಾತ್ರ ದೇವರ ಖಾತರಿ ಉಳಿಯುತ್ತದೆ ಎಂದು ಹಲವು ಧರ್ಮಾಧ್ಯಕ್ಷರು ಆಕ್ಷೇಪಿಸಿದರು. ಕೊನೆಗೆ 1965ರ ಅಕ್ಟೋಬರ್‌ನಲ್ಲಿ ಪೋಪ್ ಆರನೆಯ ಪೌಲರೇ ಆ ಪ್ರಯೋಗವನ್ನು ಮರುಪರಿಶೀಲಿಸುವಂತೆ ಸಮಿತಿಗೆ ಸೂಚಿಸಿದರು. 'ರಕ್ಷಣೆ' ಎಂಬುದು ಸತ್ಯದ ವಿಶೇಷಣವಾಗಿದ್ದುದು ಹೋಗಿ, ದೇವರು ಆ ಸತ್ಯವನ್ನು ಬರೆಸಿದ ಉದ್ದೇಶವನ್ನು ಹೇಳುವ ಮಾತಾಗಿ ಉಳಿದುಕೊಂಡಿತು. 2344 ಮತಗಳು ಪರವಾಗಿಯೂ 6 ಮತಗಳು ವಿರೋಧವಾಗಿಯೂ ಬಿದ್ದು ಅಂಗೀಕಾರವಾದದ್ದು ಈ ಪಾಠ. ಅದೇ ಪರಿಚ್ಛೇದದ ಅಡಿಟಿಪ್ಪಣಿಯಲ್ಲಿ ಪೋಪ್ ಹದಿಮೂರನೆಯ ಲಿಯೊ ಅವರ 1893ರ ಪರಿಪತ್ರದ ಉಲ್ಲೇಖವಿದೆ. ದೈವಪ್ರೇರಣೆಯನ್ನು ಗ್ರಂಥದ ಕೆಲವು ಭಾಗಗಳಿಗೆ ಮಾತ್ರ ಮಿತಿಗೊಳಿಸುವುದನ್ನಾಗಲಿ, ಪವಿತ್ರ ಲೇಖಕನು ತಪ್ಪಿದನೆಂದು ಒಪ್ಪುವುದನ್ನಾಗಲಿ ಲಿಯೊ ಅವರು ಸಂಪೂರ್ಣ ನಿಷೇಧಿಸಿದ್ದರು. ಆ ಪರಿಪತ್ರವನ್ನು ರದ್ದುಮಾಡಲು ಹೊರಟ ಮಹಾಸಭೆ ಅದನ್ನೇ ಆಧಾರವಾಗಿ ಉಲ್ಲೇಖಿಸುತ್ತಿತ್ತೇ? ಆದ್ದರಿಂದ ನಿಮ್ಮ ಭಾವನವರ ಆರೋಪವನ್ನು ನಾನು ಒಪ್ಪುವುದಿಲ್ಲ.

ವಾಕ್ಯಪ್ರಿಯ

ಇಷ್ಟು ವಿವರ ಕೊಟ್ಟದ್ದಕ್ಕೆ ಕೃತಜ್ಞತೆಗಳು. ಆದರೂ ನನ್ನ ಆಕ್ಷೇಪ ಉಳಿಯುತ್ತದೆ. ನೀವು ಹೇಳಿದ ಅರ್ಥ ಮಹಾಸಭೆಯದೇ ಆಗಿದ್ದರೆ, ದೋಷರಹಿತತೆ ರಕ್ಷಣೆಯ ವಿಷಯಗಳಿಗೆ ಮಾತ್ರ ಎಂದು ಬರೆಯುವ, ಕಲಿಸುವ ಕಥೋಲಿಕ ವಿದ್ವಾಂಸರು ಇಷ್ಟು ಮಂದಿ ಏಕಿದ್ದಾರೆ? ಒಂದೇ ವಾಕ್ಯವನ್ನು ಎರಡು ಪಕ್ಷದವರೂ ತಮ್ಮದೆಂದು ಓದಬಹುದಾದರೆ ಆ ವಾಕ್ಯ ಅಗತ್ಯವಿದ್ದಷ್ಟು ಸ್ಪಷ್ಟವಾಗಿಲ್ಲವೆಂದೇ ಅರ್ಥ. ಷಿಕಾಗೊದಲ್ಲಿ ಸೇರಿದವರು 19 ವಿಧಿಗಳಲ್ಲಿ ಪ್ರತಿಯೊಂದಕ್ಕೂ 'ಇದನ್ನು ಒಪ್ಪುತ್ತೇವೆ, ಇದನ್ನು ನಿರಾಕರಿಸುತ್ತೇವೆ' ಎಂದು ಎರಡು ಬದಿಯನ್ನೂ ಬರೆದದ್ದು ಇಂಥ ಎರಡರ್ಥಕ್ಕೆ ಎಡೆಯಿರಬಾರದೆಂದು.

ಧಾರವಾಡದ ಸಿ.ಎಸ್.ಐ. ಸದಸ್ಯ

ಈಗ ನನ್ನ ಮಾತನ್ನು ವಿಸ್ತರಿಸುತ್ತೇನೆ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ನಮ್ಮ ಭಾಗದ ಸಭೆಗಳು ಅವರ ದುಡಿಮೆಯಿಂದ ಹುಟ್ಟಿ, 1947ರಲ್ಲಿ ಸ್ಥಾಪನೆಯಾದ ದಕ್ಷಿಣ ಭಾರತ ಸಭೆಯೊಂದಿಗೆ (ಸಿ.ಎಸ್.ಐ.) ಮುಂದೆ ಬೆರೆತವು. ಸತ್ಯವೇದವನ್ನು ಮನೆಮನೆಗೆ ತಲುಪಿಸಿದವರ ಮಕ್ಕಳು ನಾವು, ಆದ್ದರಿಂದ ದೇವರ ವಾಕ್ಯದ ಮೇಲೆ ನಮಗೆ ಭಕ್ತಿ ಕಡಿಮೆಯೆಂದು ಯಾರೂ ಹೇಳಬಾರದು. ಹೀಗಿದ್ದೂ ಸಿ.ಎಸ್.ಐ. ಸಂವಿಧಾನದಲ್ಲಿ ಬೈಬಲ್ ಕುರಿತು ಇರುವ ಮಾತು, ರಕ್ಷಣೆಗೆ ಅಗತ್ಯವಾದುದೆಲ್ಲವೂ ಅದರಲ್ಲಿದೆ, ವಿಶ್ವಾಸಕ್ಕೆ ಅದೇ ಪರಮ ಹಾಗೂ ನಿರ್ಣಾಯಕ ಪ್ರಮಾಣ ಎಂಬುದು. ಭೂಗೋಳ, ಕಾಲಗಣನೆಗಳ ಪ್ರತಿಯೊಂದು ವಿವರದ ಬಗ್ಗೆ ಅಲ್ಲಿ ಪ್ರತಿಜ್ಞೆ ಇಲ್ಲ. ನಮ್ಮ ಸಭಾಪಾಲಕರು ದೇವಶಾಸ್ತ್ರ ಕಾಲೇಜುಗಳಲ್ಲಿ ಚಾರಿತ್ರಿಕ ವಿಮರ್ಶೆಯನ್ನು ಓದಿಯೇ ಪ್ರಸಂಗಪೀಠ ಏರುತ್ತಾರೆ. ಷಿಕಾಗೊ ಹೇಳಿಕೆಯ ಬೇರುಗಳನ್ನು ಹುಡುಕಿದರೆ 1881ರಲ್ಲಿ ಪ್ರಿನ್ಸ್‌ಟನ್ ಪಂಥದ ಎ.ಎ. ಹಾಜ್ ಮತ್ತು ಬಿ.ಬಿ. ವಾರ್‌ಫೀಲ್ಡ್ ಸೇರಿ ಬರೆದ ಪ್ರಬಂಧ ಸಿಗುತ್ತದೆ. ಅದು ಅಮೆರಿಕದ ಒಂದು ವಿವಾದದ ಫಲ. ಅದನ್ನು ಇಡೀ ಪ್ರೊಟೆಸ್ಟೆಂಟ್ ಲೋಕದ ನಂಬಿಕೆಯೆಂದು ಕರೆಯುವುದು ಇತಿಹಾಸಕ್ಕೆ ಅನ್ಯಾಯ. ಒಂದು ರೀತಿಯಲ್ಲಿ ನಮ್ಮ ಸಂವಿಧಾನ ಷಿಕಾಗೊಗಿಂತ ವ್ಯಾಟಿಕನ್ನಿನ 11ನೆಯ ಪರಿಚ್ಛೇದಕ್ಕೇ ಹತ್ತಿರದಲ್ಲಿದೆ.

ಕೋಲಾರದ ಸಹೋದರಿ

ಸಹೋದರರೇ, ಕೊನೆಯ ವಾಕ್ಯದಲ್ಲಿ ನೀವು ಎರಡು ವಿಷಯಗಳನ್ನು ಬೆರೆಸಿದ್ದೀರಿ. ರಕ್ಷಣೆಗೆ ಬೇಕಾದುದೆಲ್ಲ ಬೈಬಲ್‌ನಲ್ಲಿದೆ ಎಂಬುದು ಅದರ ಪರಿಪೂರ್ಣತೆಯ ಮಾತು. ಆಂಗ್ಲಿಕನ್ನರ 39 ವಿಧಿಗಳಲ್ಲಿ ಆರನೆಯದು ಅದನ್ನೇ ಹೇಳುತ್ತದೆ, ಸಂಪ್ರದಾಯವನ್ನು ಎರಡನೆಯ ಆಧಾರವಾಗಿ ಒಪ್ಪುವ ರೋಮನ್ನರ ವಿರುದ್ಧವೇ ಅದನ್ನು ಬರೆದದ್ದು. ಬೈಬಲ್‌ನಲ್ಲಿ ಇರುವುದೆಲ್ಲ ತಪ್ಪಿಲ್ಲದ್ದೇ ಎಂಬುದು ಬೇರೆ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಕೊಟ್ಟವರು ಎರಡನೆಯದಕ್ಕೂ ಕೊಟ್ಟರೆಂದು ಭಾವಿಸಬಾರದು. ವ್ಯಾಟಿಕನ್ ಮಹಾಸಭೆಯಂತೂ ಆ ಪರಿಪೂರ್ಣತೆಯನ್ನು ನಮ್ಮ ಅರ್ಥದಲ್ಲಿ ಎಂದೂ ಒಪ್ಪಿಲ್ಲ.

ಧಾರವಾಡದ ಸಿ.ಎಸ್.ಐ. ಸದಸ್ಯ

ಆ ವ್ಯತ್ಯಾಸ ಸರಿಯೇ. ಆದರೂ ಷಿಕಾಗೊ ಹೇಳಿಕೆಗೆ ಸಹಿ ಹಾಕದೆಯೂ ಪ್ರೊಟೆಸ್ಟೆಂಟನಾಗಿರಬಹುದು ಎಂಬ ನನ್ನ ಮೂಲ ಮಾತು ಅಲುಗುವುದಿಲ್ಲ.

ಬೊಂದೇಲ್ ಓದುಗ

ಅಕ್ಷರಾರ್ಥದ ವಿಷಯಕ್ಕೆ ಬರೋಣ. ನನ್ನನ್ನು ಬಹುಕಾಲದಿಂದ ಕಾಡುತ್ತಿರುವುದು ಇದು. ಆದಿಕಾಂಡದ ಆರು ದಿನಗಳನ್ನು ಇಪ್ಪತ್ನಾಲ್ಕು ಗಂಟೆಯ ದಿನಗಳೆಂದೇ ಓದಬೇಕು ಎಂದು ಪಟ್ಟುಹಿಡಿಯುವ ಬಂಧುಗಳು ಯೊವಾನ್ನನ (ಯೋಹಾನನ) ಶುಭಸಂದೇಶದ 6ನೆಯ ಅಧ್ಯಾಯಕ್ಕೆ ಬಂದ ಕೂಡಲೇ ರೂಪಕವನ್ನು ಆಶ್ರಯಿಸುತ್ತಾರೆ. ತನ್ನ ಮಾಂಸವನ್ನು ತಿನ್ನದಿದ್ದರೆ, ರಕ್ತವನ್ನು ಕುಡಿಯದಿದ್ದರೆ ನಿಮ್ಮೊಳಗೆ ಜೀವವಿಲ್ಲ ಎಂದು ಸ್ವಾಮಿ ಹೇಳುತ್ತಾರೆ; ಕೇಳಿದವರು ಇದು ಕಠಿಣವಾದ ಮಾತು ಎಂದು ಗೊಣಗುತ್ತಾರೆ; ಶಿಷ್ಯರಲ್ಲಿ ಅನೇಕರು ಬಿಟ್ಟುಹೋಗುತ್ತಾರೆ. 'ನಾನು ಹೇಳಿದ್ದು ಉಪಮೆ, ಹಿಂದಿರುಗಿ ಬನ್ನಿ' ಎಂದು ಸ್ವಾಮಿ ಅವರನ್ನು ಕರೆಯಲಿಲ್ಲ. ಇಲ್ಲಿ ಅಕ್ಷರಾರ್ಥವನ್ನು ಹಿಡಿದವರು ನಾವು, ಬಿಟ್ಟವರು ನೀವು.

ವಾಕ್ಯಪ್ರಿಯ

ಅದೇ ಅಧ್ಯಾಯದ 63ನೆಯ ವಚನವನ್ನು ನೀವು ಬಿಟ್ಟಿರಿ. ಮಾಂಸವು ಯಾವುದಕ್ಕೂ ಪ್ರಯೋಜನವಿಲ್ಲ, ನಾನಾಡಿದ ಮಾತುಗಳೇ ಆತ್ಮವೂ ಜೀವವೂ ಆಗಿವೆ ಎಂದು ಕರ್ತನು ಅಲ್ಲೇ ವಿವರಿಸುತ್ತಾನೆ. ಯೋಹಾನ 10ರಲ್ಲಿ 'ನಾನೇ ಬಾಗಿಲು' ಎಂದಾಗ ಮರವನ್ನೂ ಕೀಲನ್ನೂ ಯಾರೂ ಹುಡುಕುವುದಿಲ್ಲ. ನಾವು ಹೇಳುವ ವಾಚ್ಯಾರ್ಥ ಎಂದರೆ ಲೇಖಕನು ಉದ್ದೇಶಿಸಿದ ಅರ್ಥ. ಅವನು ರೂಪಕವನ್ನು ಉದ್ದೇಶಿಸಿದ್ದರೆ ರೂಪಕವೇ ಅದರ ವಾಚ್ಯಾರ್ಥ. ಷಿಕಾಗೊ ಹೇಳಿಕೆಯ 18ನೆಯ ವಿಧಿ ವ್ಯಾಕರಣವನ್ನೂ ಚರಿತ್ರೆಯನ್ನೂ ನೋಡಿ, ಸಾಹಿತ್ಯ ಪ್ರಕಾರವನ್ನು ಲೆಕ್ಕಕ್ಕೆ ತೆಗೆದುಕೊಂಡು ಓದಬೇಕೆನ್ನುವುದು ಇದನ್ನೇ. ಆರು ದಿನಗಳ ಬಗ್ಗೆಯೂ ನಮ್ಮಲ್ಲಿ ಒಮ್ಮತವಿಲ್ಲ. ದೋಷರಹಿತತೆಯ ದೊಡ್ಡ ಪ್ರತಿಪಾದಕ ವಾರ್‌ಫೀಲ್ಡ್ ಅವರೇ ವಿಕಾಸವಾದಕ್ಕೆ ಅವಕಾಶವಿದೆ ಎಂದು ಭಾವಿಸಿದ್ದರು.

ಕೆ.ಜಿ.ಎಫ್. ಲೂಥರನ್

ಬೊಂದೇಲ್ ಓದುಗರ 'ನೀವು' ಎಂಬುದರಲ್ಲಿ ನಮ್ಮನ್ನು ಸೇರಿಸಬೇಡಿ. 1529ರಲ್ಲಿ ಜರ್ಮನಿಯ ಮಾರ್ಬರ್ಗ್ ಕೋಟೆಯಲ್ಲಿ ಸ್ವಿಸ್ ಸುಧಾರಕ ಜ್ವಿಂಗ್ಲಿಯವರೊಂದಿಗೆ ವಾದಕ್ಕೆ ಕುಳಿತಾಗ ಲೂಥರ್ ಅವರು 'ಇದು ನನ್ನ ದೇಹ' ಎಂಬ ಮಾತನ್ನು ಲ್ಯಾಟಿನ್‌ನಲ್ಲಿ ಸೀಮೆಸುಣ್ಣದಿಂದ ಮೇಜಿನ ಮೇಲೆ ಬರೆದಿಟ್ಟು, ಕೊನೆಯವರೆಗೂ ಅದರಿಂದ ಒಂದು ಹೆಜ್ಜೆ ಕದಲಲಿಲ್ಲ. ಮುಂದಿಟ್ಟ 15 ಅಂಶಗಳಲ್ಲಿ 14ನ್ನು ಇಬ್ಬರೂ ಒಪ್ಪಿದರು. ಪ್ರಭುಭೋಜನದಲ್ಲಿ ಕ್ರಿಸ್ತನ ದೇಹವೂ ರಕ್ತವೂ ಇವೆಯೇ ಎಂಬುದೊಂದರಲ್ಲಿ ಒಡೆದು ಬೇರೆಯಾದರು. ಇಬ್ಬರಿಗೂ ಬೈಬಲ್ ಒಂದೇ, ಅದರ ಅಧಿಕಾರದ ಬಗ್ಗೆ ಇಬ್ಬರಿಗೂ ಸಂಶಯವಿರಲಿಲ್ಲ. ಆದ್ದರಿಂದ ಅಕ್ಷರಾರ್ಥದ ಜಗಳವನ್ನು ಕಥೋಲಿಕ ಮತ್ತು ಪ್ರೊಟೆಸ್ಟೆಂಟ್ ಎಂಬ ಗೆರೆಯ ಎರಡು ಬದಿಗೆ ಹಂಚಲು ಆಗುವುದಿಲ್ಲ.

ಹೊಸ ತಲೆಮಾರು

ಕಥೋಲಿಕರಿಗೆ ಇದೆಲ್ಲ ಕಷ್ಟವೇ ಅಲ್ಲ. ಆದಾಮ ಮತ್ತು ಏವೆ ಬರಿಯ ಕಥೆ ಎಂದು ನಮ್ಮ ಧರ್ಮಸಭೆ ಎಂದೋ ಒಪ್ಪಿದೆ.

ಗುರುಮಠದ ಹಳೆಯ ವಿದ್ಯಾರ್ಥಿ

ತಮ್ಮಾ, ಹಾಗೆ ಎಲ್ಲಿಯೂ ಒಪ್ಪಿಲ್ಲ. ಪೋಪ್ ಹನ್ನೆರಡನೆಯ ಪಿಯುಸ್ 1950ರಲ್ಲಿ ಮಾನವ ದೇಹವು ವಿಕಾಸದಿಂದ ಬಂದಿರಬಹುದೇ ಎಂಬುದನ್ನು ವಿದ್ವಾಂಸರು ಚರ್ಚಿಸಬಹುದೆಂದರು. ಆತ್ಮವನ್ನು ದೇವರು ನೇರವಾಗಿ ಸೃಷ್ಟಿಸುತ್ತಾರೆ ಎಂಬುದನ್ನು ಬಿಡಬಾರದೆಂದರು. ಒಬ್ಬ ಆದಾಮನ ಬದಲು ಹಲವು ಆದಿಪುರುಷರಿದ್ದರು ಎಂಬ ಊಹೆಯನ್ನು ವಿಶ್ವಾಸಿಗಳು ಹಿಡಿಯಲಾಗದು ಎಂದರು. 1992ರ ಧರ್ಮೋಪದೇಶ ಗ್ರಂಥದ 390ನೆಯ ಅಂಶ ನೋಡಿ: ಆದಿಕಾಂಡದ ಮೂರನೆಯ ಅಧ್ಯಾಯ ಸಾಂಕೇತಿಕ ಭಾಷೆಯನ್ನು ಬಳಸುತ್ತದೆ, ಆದರೆ ಮಾನವ ಚರಿತ್ರೆಯ ಆರಂಭದಲ್ಲಿ ನಿಜವಾಗಿ ನಡೆದುದನ್ನೇ ಹೇಳುತ್ತದೆ ಎಂದು ಅಲ್ಲಿದೆ. 'ಸಾಂಕೇತಿಕ' ಎಂದ ಕೂಡಲೇ 'ನಡೆಯಲೇ ಇಲ್ಲ' ಎಂದುಕೊಳ್ಳುವ ಅವಸರ ನಮ್ಮ ಯುವಕರಲ್ಲಿ ಹೆಚ್ಚುತ್ತಿದೆ, ನನಗೆ ಅದು ನಿಜಕ್ಕೂ ಬೇಸರ ತರುತ್ತದೆ.

ಕೋಲಾರದ ಸಹೋದರಿ

ಗುರುಮಠದ ಅಣ್ಣನವರೇ, ಸಾಹಿತ್ಯ ಪ್ರಕಾರವನ್ನು ಗಮನಿಸಬೇಕೆಂಬ ಪಾಠ ನಿಮಗೂ ಪೆಟ್ಟು ತಿಂದ ಮೇಲೆ ಬಂದದ್ದಲ್ಲವೇ? ಯೆಹೋಶುವ 10ರಲ್ಲಿ ಸೂರ್ಯನು ನಿಂತನೆಂದಿದೆ ಎಂದು ಹೇಳಿ 1633ರಲ್ಲಿ ಗೆಲಿಲಿಯೊನನ್ನು ಖಂಡಿಸಿದ್ದು ನಿಮ್ಮ ನ್ಯಾಯಪೀಠ.

ಗುರುಮಠದ ಹಳೆಯ ವಿದ್ಯಾರ್ಥಿ

ಖಂಡಿಸಿದ್ದು ಅನ್ಯಾಯ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಪಾಠ ಆಮೇಲೆ ಬಂದದ್ದಲ್ಲ, ಅದು ಮೊದಲೇ ಇತ್ತು. ಅದನ್ನು ಅನ್ವಯಿಸಲಿಲ್ಲ ಎಂಬುದೇ ದುಃಖದ ಸಂಗತಿ. ಕಾರ್ಡಿನಲ್ ಬೆಲ್ಲಾರ್ಮಿನ್ ಅವರೇ 1615ರ ಪತ್ರದಲ್ಲಿ, ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂಬುದಕ್ಕೆ ನಿಜವಾದ ಪುರಾವೆ ದೊರೆತರೆ ಅದಕ್ಕೆ ವಿರುದ್ಧವಾಗಿ ತೋರುವ ವಚನಗಳನ್ನು ಬಹಳ ಎಚ್ಚರದಿಂದ ವಿವರಿಸಬೇಕಾಗುತ್ತದೆ, ಅವು ನಮಗೆ ಅರ್ಥವಾಗಿಲ್ಲವೆಂದೇ ಹೇಳಬೇಕಾಗುತ್ತದೆ ಎಂದು ಬರೆದಿದ್ದರು. ಅದಕ್ಕೂ ಸುಮಾರು ಸಾವಿರದ ಇನ್ನೂರು ವರ್ಷಗಳ ಹಿಂದೆ ಸಂತ ಅಗಸ್ಟೀನರು ಜೆರೋಮರಿಗೆ ಬರೆದ 82ನೆಯ ಪತ್ರದಲ್ಲಿ, ಶಾಸ್ತ್ರದಲ್ಲಿ ಸತ್ಯಕ್ಕೆ ವಿರುದ್ಧವಾದುದು ಕಂಡರೆ ಹಸ್ತಪ್ರತಿ ಕೆಟ್ಟಿರಬೇಕು, ಇಲ್ಲವೇ ಅನುವಾದಕನು ಎಡವಿರಬೇಕು, ಇಲ್ಲವೇ ನನಗೆ ಅರ್ಥವಾಗಿಲ್ಲ ಎಂದಿದ್ದಾರೆ.

ವಾಕ್ಯಪ್ರಿಯ

ಅಗಸ್ಟೀನರ ಆ ಪತ್ರವನ್ನು ನಾವೂ ಉಲ್ಲೇಖಿಸುತ್ತೇವೆ! ಲೇಖಕನು ತಪ್ಪಿದ ಎಂಬ ನಾಲ್ಕನೆಯ ಆಯ್ಕೆ ಅವರ ಪಟ್ಟಿಯಲ್ಲಿಲ್ಲ ಎಂಬುದನ್ನು ಬೊಂದೇಲ್ ಓದುಗರು ದಯವಿಟ್ಟು ಗಮನಿಸಬೇಕು.

ಬೊಂದೇಲ್ ಓದುಗ

ಗಮನಿಸಿದ್ದೇನೆ. 'ನನಗೆ ಅರ್ಥವಾಗಿಲ್ಲ' ಎಂಬ ಆಯ್ಕೆ ಅಲ್ಲಿರುವುದನ್ನೂ ಗಮನಿಸಿದ್ದೇನೆ. ಹಾಗಾದರೆ ಅರ್ಥವಾಗದಾಗ ತೀರ್ಮಾನ ಯಾರದು? 1646ರಲ್ಲಿ ಸಿದ್ಧವಾದ ಪ್ರೊಟೆಸ್ಟೆಂಟರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ನಿವೇದನೆಯ ಪ್ರಕಾರ ಶಾಸ್ತ್ರಕ್ಕೆ ಶಾಸ್ತ್ರವೇ ವ್ಯಾಖ್ಯಾನ, ಅದರಲ್ಲಿ ಮಾತನಾಡುವ ಪವಿತ್ರಾತ್ಮನೇ ಪರಮ ನ್ಯಾಯಾಧೀಶ. ದೇಯಿ ವೆರ್ಬುಮ್ 10ರ ಪ್ರಕಾರ ಅಧಿಕೃತ ವ್ಯಾಖ್ಯಾನ ಧರ್ಮಸಭೆಯ ಬೋಧನಾಪೀಠಕ್ಕೆ, ಅಂದರೆ ಪೋಪ್ ಮತ್ತು ಧರ್ಮಾಧ್ಯಕ್ಷರಿಗೆ, ಒಪ್ಪಿಸಿದ್ದು. ತಪ್ಪಿದೆಯೇ ಇಲ್ಲವೇ ಎಂಬ ಪ್ರಶ್ನೆಗಿಂತ ಈ ಪ್ರಶ್ನೆಯಲ್ಲೇ ನಾವು ಬೇರೆಯಾಗಿರುವುದು. ಯಾವ ಪುಸ್ತಕಗಳು ದೋಷರಹಿತ ಎಂಬ ಪಟ್ಟಿಯೂ ಬೈಬಲ್‌ನೊಳಗೆ ಬರೆದಿಲ್ಲ. ಷಿಕಾಗೊ ಹೇಳಿಕೆಗೆ ಸಹಿ ಹಾಕಿದ ಆರ್.ಸಿ. ಸ್ಪ್ರೌಲ್ ಅವರು, ನಮ್ಮದು ತಪ್ಪಲಾರದ ಪುಸ್ತಕಗಳ ತಪ್ಪಬಹುದಾದ ಸಂಗ್ರಹ ಎಂದೇ ಒಪ್ಪಿದ್ದರು.

ವಾಕ್ಯಪ್ರಿಯ

ಪಟ್ಟಿಯ ಮಾತೆತ್ತಿದಿರಿ, ಆಗಲಿ. 1546ರ ಏಪ್ರಿಲ್ 8ರಂದು ಟ್ರೆಂಟ್ ಮಹಾಸಭೆ ಅಂಗೀಕರಿಸಿದ ನಿಮ್ಮ 73 ಪುಸ್ತಕಗಳಲ್ಲಿ, ನಮ್ಮ ಬೈಬಲ್‌ನಲ್ಲಿಲ್ಲದ ಯೂದಿತಳ ಗ್ರಂಥವೂ ಒಂದು. ನೆಬೂಕದ್ನೆಚ್ಚರನು ನಿನೆವೆಯಲ್ಲಿ ಅಸ್ಸೀರಿಯರನ್ನು ಆಳುತ್ತಿದ್ದ ಎಂದು ಅದು ಮೊದಲ ವಚನದಲ್ಲೇ ಹೇಳುತ್ತದೆ. ಅವನು ಬಾಬಿಲೋನಿನ ರಾಜ; ಕ್ರಿ.ಪೂ. 612ರಲ್ಲಿ ನಿನೆವೆ ನೆಲಸಮವಾದ ಮೇಲೆ, 605ರಲ್ಲಿ ಸಿಂಹಾಸನ ಏರಿದವನು. ಲಿಯೊ ಅವರ ಪರಿಪತ್ರ ಇಂದಿಗೂ ಜಾರಿಯಲ್ಲಿದೆ ಎನ್ನುವವರು ಇದನ್ನು ಹೇಗೆ ವಿವರಿಸುತ್ತಾರೆ? ಎಬ್ಯಾತಾರನ ಒಂದು ಹೆಸರಿಗಿಂತ ಇದು ಬಹಳ ದೊಡ್ಡ ತೊಡಕು.

ಗುರುಮಠದ ಹಳೆಯ ವಿದ್ಯಾರ್ಥಿ

ಒಳ್ಳೆಯ ಪ್ರಶ್ನೆ. ಯೆಹೂದ್ಯ ಓದುಗನಿಗೆ ಜೆರುಸಲೇಮನ್ನು ಸುಟ್ಟ ರಾಜ ಯಾರೆಂದು ಗೊತ್ತಿಲ್ಲದೆ ಇರಲು ಸಾಧ್ಯವೇ ಇರಲಿಲ್ಲ. ಮೊದಲ ವಾಕ್ಯದಲ್ಲೇ ಇಬ್ಬರು ಶತ್ರುಗಳನ್ನು ಒಬ್ಬನಲ್ಲಿ ಬೆರೆಸುವ ಮೂಲಕ ಲೇಖಕನು ತಾನು ರಾಜರ ವೃತ್ತಾಂತವನ್ನು ಬರೆಯುತ್ತಿಲ್ಲ, ದೇವರ ಜನರ ಶತ್ರು ಯಾವಾಗಲೂ ಹೇಗಿರುತ್ತಾನೆ ಎಂಬುದನ್ನು ಕಥೆಯಾಗಿ ಹೇಳುತ್ತಿದ್ದೇನೆ ಎಂದು ಸೂಚಿಸುತ್ತಾನೆ. ಇತಿಹಾಸವೆಂದು ಪ್ರತಿಪಾದಿಸದ ಮಾತು ಇತಿಹಾಸವಾಗಿ ತಪ್ಪಾಗಲಾರದು. ಪಿಯುಸ್ ಅವರು 1943ರ ಪರಿಪತ್ರದಲ್ಲಿ ಪ್ರಾಚೀನ ಪೂರ್ವದೇಶಗಳ ಬರವಣಿಗೆಯ ರೀತಿಗಳನ್ನು ಅಧ್ಯಯನ ಮಾಡಲೇಬೇಕೆಂದದ್ದು ಇದಕ್ಕಾಗಿಯೇ.

ಕರಾವಳಿ ಉಪದೇಶಿ

ಎಲ್ಲರ ಉತ್ತರಗಳನ್ನೂ ಓದುತ್ತಿದ್ದೇನೆ, ಬಹಳ ಉಪಕಾರವಾಯಿತು. ಆದರೆ ನಮ್ಮ ಮಕ್ಕಳು ಮುಂದೆ ಕೇಳುವ ಪ್ರಶ್ನೆ ನನಗೆ ಈಗಲೇ ಗೊತ್ತಿದೆ. ಯೂದಿತಳದು ಕಥಾರೂಪವಾದರೆ, ಮೀನಿನ ಹೊಟ್ಟೆಯಲ್ಲಿ ಮೂರು ದಿನವಿದ್ದ ಯೋನನದೂ ಹಾಗೆಯೇ ಆದರೆ, ಪುನರುತ್ಥಾನವೂ ಕಥಾರೂಪವಲ್ಲ ಎಂದು ಹೇಳಲು ಆಧಾರವೇನು?

ಗುರುಮಠದ ಹಳೆಯ ವಿದ್ಯಾರ್ಥಿ

ಆಧಾರ ಆಯಾ ಬರಹದ ಸ್ವರೂಪದಲ್ಲೇ ಇದೆ. ಪೌಲರು 1 ಕೊರಿಂಥ 15ರಲ್ಲಿ ಕಂಡವರ ಹೆಸರುಗಳನ್ನು ಕೊಡುತ್ತಾರೆ, ಐನೂರಕ್ಕಿಂತ ಹೆಚ್ಚು ಮಂದಿಗೆ ಕಾಣಿಸಿಕೊಂಡರೆಂದೂ ಅವರಲ್ಲಿ ಬಹುಮಂದಿ ಇನ್ನೂ ಬದುಕಿದ್ದಾರೆಂದೂ ಹೇಳುತ್ತಾರೆ, ಕ್ರಿಸ್ತನು ಎದ್ದಿಲ್ಲವಾದರೆ ನಮ್ಮ ಬೋಧನೆಯೇ ವ್ಯರ್ಥ ಎನ್ನುತ್ತಾರೆ. ಇದು ಸಾಕ್ಷಿ ಹೇಳುವವನ ಭಾಷೆ. ದೇಯಿ ವೆರ್ಬುಮ್‌ನ 19ನೆಯ ಪರಿಚ್ಛೇದವೂ ನಾಲ್ಕು ಶುಭಸಂದೇಶಗಳ ಐತಿಹಾಸಿಕತೆಯನ್ನು ಧರ್ಮಸಭೆ ನಿಸ್ಸಂಶಯವಾಗಿ ದೃಢಪಡಿಸುತ್ತದೆ ಎನ್ನುತ್ತದೆ. ಮಕ್ಕಳಿಗೆ 11ನೆಯದನ್ನು ಕಲಿಸುವಾಗ 19ನೆಯದನ್ನೂ ಜೊತೆಯಲ್ಲೇ ಓದಿಸಿ.

ವಾಕ್ಯಪ್ರಿಯ

ಪುನರುತ್ಥಾನದ ವಿಷಯದಲ್ಲಿ ನಿಮ್ಮೊಂದಿಗೆ ಸಂಪೂರ್ಣವಾಗಿ ಒಪ್ಪುತ್ತೇನೆ. ಯೋನನ ವಿಷಯದಲ್ಲಿ ಒಪ್ಪಲಾರೆ. ಮತ್ತಾಯ 12ರಲ್ಲಿ ಕರ್ತನು ತನ್ನ ಸಮಾಧಿಯ ಮೂರು ದಿನಗಳನ್ನು ಯೋನನ ಮೂರು ದಿನಗಳಿಗೆ ಜೋಡಿಸುತ್ತಾನೆ. ಅಷ್ಟಕ್ಕೇ ನಿಲ್ಲದೆ, ನಿನೆವೆಯವರು ನ್ಯಾಯವಿಚಾರಣೆಯ ದಿನದಲ್ಲಿ ಎದ್ದುನಿಂತು ಈ ಸಂತತಿಯನ್ನು ಅಪರಾಧಿಯೆಂದು ತೋರಿಸುವರು ಎನ್ನುತ್ತಾನೆ. ಕಥೆಯ ಪಾತ್ರಗಳು ನಿಜವಾದ ನ್ಯಾಯಾಸನದ ಮುಂದೆ ಎದ್ದುನಿಲ್ಲುವುದು ಹೇಗೆ? ಇದಕ್ಕೆ ನಿಮ್ಮ ವಿದ್ವಾಂಸರಿಂದ ನನಗೆ ಇನ್ನೂ ತೃಪ್ತಿಕರ ಉತ್ತರ ಸಿಕ್ಕಿಲ್ಲ.

ಗುರುಮಠದ ಹಳೆಯ ವಿದ್ಯಾರ್ಥಿ

ಆ 41ನೆಯ ವಚನದ ಭಾರ ನನಗೂ ಗೊತ್ತಿದೆ. ಎಲ್ಲರಿಗೂ ತಿಳಿದ ಕಥೆಯನ್ನು ಮುಂದಿಟ್ಟು ಎಚ್ಚರಿಸುವುದರಿಂದ ಎಚ್ಚರಿಕೆಯ ಬಲ ಕುಗ್ಗುವುದಿಲ್ಲ ಎಂದು ನಮ್ಮಲ್ಲಿ ಬಹಳ ಮಂದಿ ಉತ್ತರಿಸುತ್ತಾರೆ. ಯೋನನ ಪುಸ್ತಕವನ್ನು ಇತಿಹಾಸವೆಂದೇ ಓದಬೇಕೆಂದಾಗಲಿ, ಹಾಗೆ ಓದಬಾರದೆಂದಾಗಲಿ ಇಂದು ಧರ್ಮಸಭೆ ಕಥೋಲಿಕನನ್ನು ಕಟ್ಟಿಹಾಕಿಲ್ಲ. ಆದ್ದರಿಂದ ಈ ಒಂದು ವಚನದಲ್ಲಿ ನಿಮ್ಮಂತೆಯೇ ಓದುವ ಕಥೋಲಿಕನನ್ನು ನಾನು ತಪ್ಪೆನ್ನಲಾರೆ, ನೀವು ಮಾತ್ರ ನನ್ನನ್ನು ತಪ್ಪೆನ್ನಲೇಬೇಕಾಗುತ್ತದೆ.

ವಾಕ್ಯಪ್ರಿಯ

ಹೌದು, ಅನ್ನುತ್ತೇನೆ. ಪ್ರೀತಿಯಿಂದಲೇ ಅನ್ನುತ್ತೇನೆ.